ಕೈಯಾರೆ ಕೊಟ್ಟ ಬೆಂಡು

ಜುಲೈ 4, ಶನಿವಾರ

ಸ್ವಾತಂತ್ರ್ಯ ದಿನದ ಮೆರವಣಿಗೆ ಮುಗಿಯಿತು. ಕಾಲು ಸೋತಿದೆ, ಮನಸ್ಸು ಮಾತ್ರ ಇನ್ನೂ ದೋಣಿ ನಿಲ್ಲುವ ಧಕ್ಕೆಯ ಮೇಲೇ ಕುಣಿಯುತ್ತಿದೆ. ನನ್ನ ತಮ್ಮ ರಾಯ್ಸ್ ಬಾವುಟ ಕಟ್ಟಿದ ಟ್ರಕ್ಕಿನಲ್ಲಿ ನಿಂತು ಮಕ್ಕಳಿಗೆ ಮಿಠಾಯಿ ಎರಚುತ್ತ ಬಂದ. ಅಪ್ಪ ಇದ್ದಿದ್ದರೆ ಟೋಪಿ ತೆಗೆದು ಬೀಸುತ್ತಿದ್ದ. ಹ್ಯಾಡಕ್ ದ್ವೀಪದಿಂದ ಇದುವರೆಗೆ ಒಬ್ಬನೂ ರಾಜ್ಯ ವಿಧಾನಸಭೆಗೆ ಹೋಗಿಲ್ಲ. ನವೆಂಬರಿನ ಚುನಾವಣೆ ಗೆದ್ದು ನನ್ನ ತಮ್ಮ ಹೋಗುತ್ತಾನೆ, ಬೇಕಾದರೆ ನಾನೇ ಅವನನ್ನು ಹೊತ್ತುಕೊಂಡು ಹೋಗಿ ರಾಜಧಾನಿ ಆಗಸ್ಟಾದಲ್ಲಿ ಇಳಿಸುತ್ತೇನೆ.

ಹೋಗಲೇಬೇಕು. ಈಗಿರುವ ಶಾಸಕ ವಿಟ್‌ಲಾಕ್ ದಡದ ಊರಿನವನು. ಚಳಿಗಾಲದಲ್ಲಿ ದಿನಾ ಬರುವ ಲಾಂಚನ್ನು ವಾರಕ್ಕೊಂದು ಸಲ ಮಾಡಬೇಕೆಂದು ಹೋದ ವರ್ಷ ಮಸೂದೆ ತಂದ. ಕೂದಲೆಳೆಯಲ್ಲಿ ಬಿದ್ದುಹೋಯಿತು. ಬರುವ ಜನವರಿಯಲ್ಲಿ ಮತ್ತೆ ತರುತ್ತಾನಂತೆ. ವಾರಕ್ಕೊಂದೇ ಲಾಂಚು ಅಂದರೆ ಮಕ್ಕಳಿರುವ ಮನೆಯವರು ಮೊದಲು ಗಂಟುಮೂಟೆ ಕಟ್ಟುತ್ತಾರೆ. ಆಮೇಲೆ ಶಾಲೆ ಮುಚ್ಚುತ್ತದೆ, ಅಲ್ಲಿ ಪಾಠ ಹೇಳುವ ನನ್ನ ಮಗಳು ಕೋರಾ ಹೋಗುತ್ತಾಳೆ, ಮೊಮ್ಮಗಳು ಹೋಗುತ್ತಾಳೆ. ಕೊನೆಗೆ ಉಳಿಯುವುದು ನಾನು ಮತ್ತು ಕಡಲಹಕ್ಕಿಗಳು.

ಊರೆಲ್ಲ ಚಪ್ಪಾಳೆ ತಟ್ಟಿತು, ಆ ಥ್ಯಾಕ್ಸ್‌ಟರ್ ಹೆಂಗಸೊಬ್ಬಳನ್ನು ಬಿಟ್ಟು. ಕೈಕಟ್ಟಿ ನಿಂತಿದ್ದಳು, ಮೀನು ಕೊಳೆತಿದೆಯೋ ಎಂದು ನೋಡುವವಳ ಹಾಗೆ. ಕೋರಾ ಇನ್ನೂ ಹುಡುಗಿಯಾಗಿದ್ದಾಗ ಚರ್ಚಿನ ಊಟದಲ್ಲಿ ನಾನು ಬೇಯಿಸಿದ ಬೀನ್ಸ್ ಕಾಳನ್ನು ಬಾಯಿಗಿಟ್ಟು, ಎಲ್ಲರೆದುರು "ಇನ್ನೊಂದು ಗಂಟೆ ಬೇಯ್ಬೇಕಿತ್ತು" ಅಂದವಳು. ಅವತ್ತಿನಿಂದ ಅವಳ ಜೊತೆ ನನಗೆ ಮಾತಿಲ್ಲ. ಪೋಸ್ಟಾಫೀಸಿನಲ್ಲಿ ಕೆಲಸ ಮಾಡುವಾಗಲೂ ಅಂಚೆಚೀಟಿಯನ್ನು ಮಾತಿಲ್ಲದೆಯೇ ಕೊಡುತ್ತಿದ್ದೆ.

ಆಗಸ್ಟ್ 11, ಮಂಗಳವಾರ

ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ.

ಬೆಳಿಗ್ಗೆ ಮಂಜಿನಲ್ಲಿ ಸೀಲ್ ಬಂಡೆಯ ಹತ್ತಿರ ಕಡಲು ಕಾವಲಿನವರು ರಾಯ್ಸ್‌ನ ದೋಣಿ ತಡೆದರು. ಅವನ ಕೈಯಲ್ಲಿ ಬೇರೆಯವರು ಲಾಬ್‌ಸ್ಟರ್ ಸಿಗಡಿ ಹಿಡಿಯಲು ಇಳಿಸಿದ ಬೋನು. ಬೋನಿನ ಹಗ್ಗದ ತುದಿಯಲ್ಲಿ ನೀರ ಮೇಲೆ ತೇಲುವ ಹಳದಿ ಬೆಂಡು, ಕಪ್ಪು ಪಟ್ಟಿ. ಆ ಥ್ಯಾಕ್ಸ್‌ಟರ್ ಹೆಂಗಸಿನದು. ಬೆಂಡಿನ ಬಣ್ಣ ನೋಡಿದರೆ ಸಾಕು, ನೀರಿನ ತಳದಲ್ಲಿರುವ ಬೋನು ಯಾರದೆಂದು ಇಲ್ಲಿ ಕೂಸಿಗೂ ಗೊತ್ತು.

ಇದು ವಿಟ್‌ಲಾಕ್‌ನ ಕುತಂತ್ರ. ಇಲ್ಲವೇ ಅವಳದೇ. ನನ್ನ ತಮ್ಮ ಕಳ್ಳನಲ್ಲ.

ನಮ್ಮಲ್ಲಿ ಇನ್ನೊಬ್ಬನ ಹೆಂಡತಿಯ ಜೊತೆ ಓಡಿಹೋದವನಿಗೂ ಎರಡು ಚಳಿಗಾಲ ಕಳೆದರೆ ಊಟದ ಮೇಜಿನಲ್ಲಿ ಜಾಗ ಸಿಗುತ್ತದೆ. ಇನ್ನೊಬ್ಬರ ಬೋನಿಗೆ ಕೈ ಹಾಕಿದವನಿಗೆ ಸಿಗುವುದಿಲ್ಲ.

ಆಗಸ್ಟ್ 12, ಬುಧವಾರ

ರಾಯ್ಸ್‌ನ ಮನೆಗೆ ಹೋಗಿದ್ದೆ. ಅಡುಗೆಮನೆಯಲ್ಲಿ ಕೂತು ಮೇಜನ್ನೇ ನೋಡುತ್ತಿದ್ದ. ಯಾರು ಮಾಡಿಸಿದರು ಹೇಳು, ನಾನು ನೋಡಿಕೊಳ್ಳುತ್ತೇನೆ ಅಂದೆ. ಕಣ್ಣೆತ್ತದೆಯೇ ಹೇಳಿದ.

"ನಾನೇ, ವರ್ನಾ. ಈ ಬೇಸಗೆ ಇಡೀ ಪ್ರಚಾರ, ಭಾಷಣ ಅಂತ ತಿರುಗ್ದೆ, ಬೋನು ಸರಿಯಾಗಿ ಇಳಿಸ್ಲಿಲ್ಲ. ಖಾಲಿ ಬುಟ್ಟಿ ಇಟ್ಕೊಂಡು ಧಕ್ಕೆಗೆ ಹೇಗೆ ಬರ್ಲಿ? ಎಲ್ರೂ ನನ್ನನ್ನೇ ನೋಡ್ತಿದ್ರು."

ಸುಳ್ಳಾದರೂ ಹೇಳಬಾರದಿತ್ತೇ ಅನಿಸಿತು. ಹಾಗಾದರೆ ಹಿಂದೆ ಸರಿ ಅಂದೆ. ಸರಿಯುವುದಿಲ್ಲವಂತೆ, ಸರಿದರೆ ತಾನು ಕಳ್ಳ ಅಂತ ತಾನೇ ಸಹಿ ಹಾಕಿದ ಹಾಗಂತೆ. ಅದೂ ಅಲ್ಲದೆ ಮತಪತ್ರದಿಂದ ಹೆಸರು ತೆಗೆಸುವ ಗಡುವು ಹೋದ ತಿಂಗಳೇ ಮುಗಿದಿದೆ. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡ, ನಮ್ಮೆಲ್ಲರ ಕಾಲನ್ನೂ ಕೆಳಗಿಟ್ಟು.

ಆಗಸ್ಟ್ 15

ಅವನ ಹೆಸರಿನ ಫಲಕಗಳನ್ನೆಲ್ಲ ಕಿತ್ತು ತಂದು ಸೌದೆಕೊಟ್ಟಿಗೆಗೆ ಹಾಕಿದೆ. ಊಟ ಸೇರಲಿಲ್ಲ.

ಆಗಸ್ಟ್ 17, ಸೋಮವಾರ

ಮುದುಕ ಮೆರ್ಲ್ ಬಂದಿದ್ದ. ಎಂಬತ್ತು ದಾಟಿದರೂ ದಿನಾ ಕಡಲಿಗೆ ಹೋಗುತ್ತಾನೆ. ಕಾಫಿ ಕುಡಿದ, ಪೈ ತಿಂದ, ಇನ್ನೊಂದು ಚೂರು ಕೇಳಿದ, ಆಮೇಲೆ ಬಾಯಿ ಬಿಟ್ಟ. ಜುಲೈಯಿಂದಲೇ ರಾಯ್ಸ್‌ನ ಬೆಂಡುಗಳ ಹಗ್ಗದಲ್ಲಿ ಎರಡೆರಡು ಕುಣಿಕೆ ಗಂಟು ಇದ್ದದ್ದನ್ನು ಅವನು ಕಂಡಿದ್ದಾನಂತೆ. ಒಂದು ಸಲವಲ್ಲ, ಮೂರು ಸಲ.

ಆ ಗಂಟಿನ ಅರ್ಥ ನನಗೆ ಯಾರೂ ಹೇಳಬೇಕಿಲ್ಲ. ನನ್ನ ಗಂಡ ಬದುಕಿದ್ದಾಗ ಒಮ್ಮೆ, ತನ್ನ ಬೋನು ಎತ್ತಿದವನ ಬೆಂಡಿನ ಹಗ್ಗಕ್ಕೆ ಕಟ್ಟಿ ಬಂದಿದ್ದ. 'ನೀನು ಮಾಡುವುದು ಗೊತ್ತು, ನಿಲ್ಲಿಸು, ಯಾರಿಗೂ ಹೇಳುವುದಿಲ್ಲ.' ಅಷ್ಟೇ ಅದರ ಅರ್ಥ. ಒಂದು ಸಲ ಕಟ್ಟುವುದು ವಾಡಿಕೆ. ಎರಡನೆಯ ಸಲಕ್ಕೆ ಕಳ್ಳನ ಬೋನಿನ ಹಗ್ಗವನ್ನೇ ಕತ್ತರಿಸುತ್ತಾರೆ.

ಆ ಥ್ಯಾಕ್ಸ್‌ಟರ್ ಹೆಂಗಸು ಮೂರು ಸಲ ಕಟ್ಟಿದ್ದಾಳೆ. ಒಬ್ಬರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಕಾವಲಿನವರಿಗೂ ದೂರು ಕೊಟ್ಟವಳು ಅವಳಲ್ಲವಂತೆ, ಅವರು ತಾವಾಗಿಯೇ ಬಂದದ್ದು.

ಹಾಗಂತ ಬೀನ್ಸಿನ ಮಾತು ಮರೆತಿದ್ದೇನೆ ಎಂದಲ್ಲ.

ಆಗಸ್ಟ್ 19, ಬುಧವಾರ

ಶಾಲೆಯ ಹಾಲಿನಲ್ಲಿ ಊರ ಸಭೆ. ಕೋರಾ ಎದ್ದು ನಿಂತು ಬಿಡಿಸಿ ಹೇಳಿದಳು: ಅಚ್ಚಾದ ಎರಡು ಹೆಸರು ಬೇಡವೆಂದರೆ ಮೂರನೆಯ ಹೆಸರನ್ನು ಓಟು ಹಾಕುವವರೇ ತಮ್ಮ ಕೈಯಿಂದ ಬರೆಯಬಹುದು, ಪಕ್ಕದ ಪುಟ್ಟ ಗೋಲವನ್ನು ಪೆನ್ನಿನಿಂದ ತುಂಬಬೇಕು. ಯಾರಾದರೂ ನಿಲ್ಲುವುದಾದರೆ ಈ ವಾರವೇ ರಾಜಧಾನಿಗೆ ಅರ್ಜಿ ಹೋಗಬೇಕು. ಯಾರು ನಿಲ್ಲುತ್ತೀರಿ ಎಂದು ಕೇಳಿದಳು. ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು.

ಆಗ ಹಿಂದಿನ ಸಾಲಿನಿಂದ ಹೆಪ್ಸಿ ಥ್ಯಾಕ್ಸ್‌ಟರ್ ಎದ್ದಳು. ಆಡಿದ್ದು ಎರಡೇ ಮಾತು.

"ಲಾಂಚು ಇರ್ಬೇಕು. ಬೇರೆ ಯಾರೂ ಇಲ್ಲ ಅಂದ್ರೆ ನಾನು ನಿಲ್ತೀನಿ."

ಕೂತುಬಿಟ್ಟಳು. ಜನ ಚಪ್ಪಾಳೆ ತಟ್ಟಿದರು. ನಾನು ಕೈಕಟ್ಟಿ ಕೂತಿದ್ದೆ, ಆದರೆ ತಟ್ಟಬಾರದು ಎಂದೇನೂ ಅಲ್ಲ, ಚೀಲ ತೊಡೆಯ ಮೇಲಿತ್ತು.

ಆಗಸ್ಟ್ 20, ಗುರುವಾರ

ಬೆಳಿಗ್ಗೆ ಬಾಗಿಲು ತೆರೆದರೆ ಎದುರಿಗೆ ಅವಳೇ. ಮೈಯೆಲ್ಲ ಬೋನಿಗೆ ಹಾಕುವ ಮೀನಿನ ನಾತ. ಒಳಗೆ ಬನ್ನಿ ಅನ್ನಲಿಲ್ಲ, ಅವಳು ಬರಲೂ ಇಲ್ಲ.

"ಮನೆಮನೆ ಲೆಕ್ಕ ನಿಮಗೆ ಗೊತ್ತು," ಅಂದಳು. "ಯಾರು ಯಾರಿಗೆ ನೆಂಟರು, ಯಾರ ಮಾತು ಯಾರು ಕೇಳ್ತಾರೆ, ಎಲ್ಲಾ. ನನಗೆ ಬೋನು ಬಿಟ್ರೆ ಏನೂ ಗೊತ್ತಿಲ್ಲ. ನನ್ನ ಪ್ರಚಾರ ನೀವು ನಡೆಸಿಕೊಡ್ತೀರಾ?"

"ನನ್ನ ತಮ್ಮನ ಎದುರಿಗೆ ನಿಂತೋರಿಗೆ?"

"ವಿಟ್‌ಲಾಕ್ ಎದುರಿಗೆ ನಿಂತೋರಿಗೆ."

ಯೋಚಿಸಿ ಹೇಳುತ್ತೇನೆ ಅಂದೆ. ಯೋಚಿಸಿದೆ. ಕೋರಾ ತುಂಬಿದ ಅವಳ ಅರ್ಜಿ ಮಧ್ಯಾಹ್ನದ ಲಾಂಚಿನಲ್ಲಿ ಹೋಯಿತು, ಲಕೋಟೆ ಅಂಟಿಸಿದವಳು ನಾನು. ಇದು ಲಾಂಚಿಗಾಗಿ, ಅವಳಿಗಾಗಿ ಅಲ್ಲ.

ಸೆಪ್ಟೆಂಬರ್ 7, ಸೋಮವಾರ

ಒಂದು ಒಳ್ಳೆಯ ಉಪಾಯ ಹೊಳೆಯಿತು. ಫಲಕ ಯಾರೂ ಓದುವುದಿಲ್ಲ. ಆದರೆ ನಮ್ಮ ಕ್ಷೇತ್ರದ ನಾಲ್ಕು ದ್ವೀಪ, ಎರಡು ಬಂದರು, ಎಲ್ಲೇ ಹೋಗಲಿ ಬೆಂಡಿನ ಬಣ್ಣವನ್ನು ಎಲ್ಲರೂ ನೋಡುತ್ತಾರೆ. ಹೆಪ್ಸಿ ಥ್ಯಾಕ್ಸ್‌ಟರ್‌ಳ ಕೊಟ್ಟಿಗೆಯಲ್ಲಿ ಹಳೆಯ ಹಳದಿ ಬೆಂಡುಗಳು ರಾಶಿ ಬಿದ್ದಿವೆ. ಅವಳನ್ನು ಕೇಳಿ ಟ್ರಕ್ಕಿಗೆ ತುಂಬಿಕೊಂಡು ಹೋಗಿ ದ್ವೀಪದ ರಸ್ತೆಯುದ್ದಕ್ಕೂ ಬೇಲಿಬೇಲಿಗೆ ಕಟ್ಟಿ ಬಂದೆ. ಊರಿಗೆ ಊರೇ ಹಳದಿ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸೆಪ್ಟೆಂಬರ್ 9, ಬುಧವಾರ

ತಟ್ಟಿಕೊಂಡ ಕೈ ಮುರಿಯಲಿ.

ಇವತ್ತು ನೋಡಿದರೆ ಬೇಲಿಗಳೆಲ್ಲ ಬರಿದು. ಬೆಂಡುಗಳೆಲ್ಲ ಅವಳ ಧಕ್ಕೆಯ ತುದಿಯಲ್ಲಿ ಅಚ್ಚುಕಟ್ಟಾಗಿ ಪೇರಿಸಿಟ್ಟಿವೆ. ಒಬ್ಬೊಬ್ಬರಾಗಿ ತಂದಿಟ್ಟು ಹೋಗಿದ್ದಾರೆ. ವಿಟ್‌ಲಾಕ್‌ನ ಕಡೆಯವರಲ್ಲ, ನಮ್ಮವರೇ. ಮೆರ್ಲ್‌ನನ್ನು ಹಿಡಿದು ನಿಲ್ಲಿಸಿ ಕೇಳಿದೆ.

"ಬೇರೆಯವರ ಬೆಂಡು ನನ್ನ ಬೇಲಿಯಲ್ಲಿ ಇಟ್ಕೊಳ್ಳೋಕೆ ನಾನೇನು..." ಅಂದು ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡ.

ನಾನೇನು ರಾಯ್ಸಾ ಎಂದು ಕೇಳುವವನಿದ್ದ. ನಿಯಮ ನನಗೂ ಗೊತ್ತಿದ್ದದ್ದೇ: ಬೆಂಡನ್ನು ಒಡೆಯನೇ ಕೈಯಾರೆ ಕೊಡಬೇಕು, ಇಲ್ಲದಿದ್ದರೆ ಮುಟ್ಟಬಾರದು. ಆದರೆ ಅದು ನೀರಿನ ಮೇಲಿನ ಮಾತು, ರಸ್ತೆ ಬದಿಯ ಬೇಲಿಗೂ ಅನ್ವಯಿಸುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಹೆಪ್ಸಿ ಥ್ಯಾಕ್ಸ್‌ಟರ್ ನಗಲೂ ಇಲ್ಲ, ಬೈಯಲೂ ಇಲ್ಲ. "ಹಾಗಾದ್ರೆ ನಾನೇ ಹೋಗ್ಬೇಕು" ಅಂದಳು. ಗಾಳಿಗೆ ಬೋನು ಕಳೆದುಕೊಂಡವಳ ಮುಖ. ಮನೆಮನೆಗೆ ಹೋಗಿ ಮಾತಾಡುವುದೆಂದರೆ ಅವಳಿಗೆ ಹಲ್ಲು ಕೀಳಿಸಿಕೊಂಡ ಹಾಗೆ.

ಸೆಪ್ಟೆಂಬರ್ 27, ಭಾನುವಾರ

ಮೂರು ವಾರದಿಂದ ದಿನಾ ತಿರುಗುತ್ತಿದ್ದೇವೆ. ಬೆಳಗಿನ ಜಾವ ಅವಳು ಬೋನು ಎತ್ತುತ್ತಾಳೆ, ಮಧ್ಯಾಹ್ನ ನಾನು ಟ್ರಕ್ಕು ಓಡಿಸುತ್ತೇನೆ. ಮೊದಮೊದಲು ಅವಳು ಬಾಗಿಲಲ್ಲಿ ಬೆಂಡು ಚಾಚಿ ನಿಂತರೆ ಸಾಲ ವಸೂಲಿಗೆ ಬಂದವಳ ಹಾಗಿರುತ್ತಿತ್ತು. ನಾನೇ ಹಿಂದಿನಿಂದ ಸೊಂಟಕ್ಕೆ ತಿವಿದು ಮಾತಾಡಿಸುತ್ತಿದ್ದೆ. ಈಗ ತಾನೇ ಕೇಳುತ್ತಾಳೆ: ಹೋದ ಜನವರಿಯಲ್ಲಿ ಲಾಂಚು ಇಲ್ಲದಿದ್ದರೆ ನಿಮ್ಮ ಮನೆಯಲ್ಲಿ ಏನಾಗುತ್ತಿತ್ತು? ಕೇಳಿ ಸುಮ್ಮನಾಗುತ್ತಾಳೆ. ಅವರೇ ಹೇಳುತ್ತಾರೆ. ಒಬ್ಬಳ ಹೆರಿಗೆ, ಒಬ್ಬನ ಕಣ್ಣಿನ ಆಪರೇಷನ್, ಒಬ್ಬ ಮುದುಕಿಯ ಅಕ್ಕನ ಅಂತ್ಯಕ್ರಿಯೆ. ವಿಟ್‌ಲಾಕ್ ಹೋದಲ್ಲೆಲ್ಲ ಗಂಟೆಗಟ್ಟಲೆ ಮಾತಾಡುತ್ತಾನೆ, ಇವಳು ಗಂಟೆಗಟ್ಟಲೆ ಕೇಳುತ್ತಾಳೆ.

ಹೊರಡುವಾಗ ಬೆಂಡನ್ನು ಎರಡೂ ಕೈಯಲ್ಲಿ ಹಿಡಿದು ಕೊಡುತ್ತಾಳೆ. ಇಸಿದುಕೊಂಡವರು ಆಗಲೇ ಹೋಗಿ ಬೇಲಿಗೆ ಕಟ್ಟುತ್ತಾರೆ. ಇಸಿದುಕೊಂಡ ಮೇಲೆ ಬೇರೆಯವರಿಗೆ ಓಟು ಹಾಕುವುದು ನಮ್ಮ ಕಡೆಯವರಿಂದ ಆಗದ ಕೆಲಸ.

ವಾಪಸು ಬರುವಾಗ ಟ್ರಕ್ಕಿನಲ್ಲಿ ನನ್ನ ಕೈಗೆ ಬಿಸಿ ಚಾ ಕೊಟ್ಟಳು. ಸಕ್ಕರೆ ಎರಡು ಚಮಚ. ಪೋಸ್ಟಾಫೀಸಿನಲ್ಲಿ ನೋಡಿ ನೆನಪಿಟ್ಟುಕೊಂಡಿದ್ದಾಳೆ.

ಅಕ್ಟೋಬರ್ 10, ಶನಿವಾರ

ಚರ್ಚಿನಲ್ಲಿ ಬೀನ್ಸ್ ಊಟ. ಕಾಕಂಬಿ ಹಾಕಿ ಮಡಕೆಯಲ್ಲಿ ದಿನವಿಡೀ ಬೇಯಿಸಿದ ನನ್ನ ಕಾಳಿಗೇ ಹೆಚ್ಚು ಗಿರಾಕಿ. ಊಟಕ್ಕೆ ಮೊದಲು ಎಲ್ಲರಿಂದ ಅಣಕು ಓಟು ಹಾಕಿಸಿದೆ, ರೂಢಿಯಾಗಲಿ ಎಂದು. ಹೆಸರು ಬರೆದು ಗೋಲ ತುಂಬಿದವರಿಗೆ ಮಾತ್ರ ತಟ್ಟೆ. ಮೆರ್ಲ್ ಹೆಸರಿನ ಜಾಗದಲ್ಲಿ ಚೆಂದದ ಬೆಂಡಿನ ಚಿತ್ರ ಬಿಡಿಸಿ, ಕಪ್ಪು ಪಟ್ಟಿಯನ್ನೂ ಎಳೆದು ತಂದ.

"ಇದು ಅವಳೇ ಅಲ್ವಾ? ಕಡಲಲ್ಲಿ ಇದನ್ನ ನೋಡಿ ಯಾರಾದ್ರೂ ಬೇರೆ ಯಾರೋ ಅಂತಾರಾ?"

"ಮತ ಎಣಿಸೋದು ಕಡಲಲ್ಲಲ್ಲ, ಮುದುಕಾ. ಹೋಗು, ಬರ್ಕೊಂಡು ಬಾ."

ಮೂರು ಸಲ ಓಡಿಸಿದೆ. ನಾಲ್ಕನೆಯ ಸಲ ಸರಿಯಾಗಿ ಬರೆದು, ಎರಡು ತಟ್ಟೆ ತಿಂದ. ಹೆಪ್ಸಿ ನಗುವುದನ್ನು ಇವತ್ತೇ ನಾನು ಮೊದಲು ಕಂಡದ್ದು. ಒಂದು ಹಲ್ಲಿಲ್ಲ.

ಅವಳು ನನ್ನ ಕಾಳು ತಿಂದಳು. ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ, ನಾಲ್ಕು ಸಲ ಆ ಕಡೆ ನೋಡಿದೆ ಅಷ್ಟೆ.

ಅಕ್ಟೋಬರ್ 23, ಶುಕ್ರವಾರ

ವಿಟ್‌ಲಾಕ್ ಪತ್ರಿಕೆಗಳಲ್ಲಿ ಹಾಕಿಸಿದ್ದಾನೆ: ಬರೆದು ಹಾಕುವ ಓಟು ಕಡಲಿಗೆ ಎಸೆದ ಓಟು ಎಂದು. ಅವನಿಗೆ ಧೈರ್ಯ ಕೊಡುತ್ತಿರುವವನು ಇನ್ನೂ ಕಣದಲ್ಲಿರುವ ರಾಯ್ಸ್. ನಮ್ಮದು ದೊಡ್ಡ ಬಳಗ, ದಡದ ಎರಡು ಬಂದರುಗಳಲ್ಲೂ ಸೋದರತ್ತೆ ಮಕ್ಕಳು, ದೊಡ್ಡಪ್ಪನ ಮಕ್ಕಳು ಇದ್ದಾರೆ. ಕಳ್ಳನಾದರೂ ನಮ್ಮವನು ಎನ್ನುತ್ತಾರೆ. ಆ ಓಟು ಅವನಿಗೆ ಹೋದರೆ ನಾವು ಮುಳುಗಿದಂತೆಯೇ.

ಅವನ ಮನೆಗೆ ಹೋಗಿ ಬಾಗಿಲು ಬಡಿದೆ. ಒಳಗೆ ದೀಪ ಇತ್ತು, ತೆರೆಯಲಿಲ್ಲ. ಬಾಗಿಲಿಗೇ ಹೇಳಿದೆ: ಲಾಂಚು ನಿಂತರೆ ನಿನ್ನ ಸೋದರ ಸೊಸೆ ಕೋರಾ ಊರು ಬಿಡುತ್ತಾಳೆ, ಅವಳ ಮಗಳು ಬಿಡುತ್ತಾಳೆ, ನಿನ್ನ ಮರ್ಯಾದೆ ಒಂದೇ ಇಲ್ಲಿ ಉಳಿಯುತ್ತದೆ, ಅದನ್ನೇ ಸಾರು ಮಾಡಿಕೊಂಡು ಕುಡಿ. ಬಾಯಿಗೆ ಬಂದದ್ದು ಇನ್ನೂ ಇತ್ತು, ಅಳು ಬಂದು ನಿಂತಿತು.

ಹೆಪ್ಸಿಗೆ ಹೇಳಿದೆ. "ಬಾಗಿಲು ಬಡಿಯೋದೂ ಒಂದು ಗಂಟು ಕಟ್ಟಿದ ಹಾಗೇ. ಕಟ್ಟಿ ಬಂದೆಯಲ್ಲ, ಈಗ ಬಿಡು" ಅಂದಳು.

ನವೆಂಬರ್ 2, ಸೋಮವಾರ

ಇವತ್ತಿನಂಥ ದಿನ ಮತ್ತೊಂದಿಲ್ಲ. ನಿಧಾನವಾಗಿ ಬರೆಯುತ್ತೇನೆ.

ಬೆಳಿಗ್ಗೆ ಮೆರ್ಲ್ ಏದುಸಿರು ಬಿಡುತ್ತ ಬಂದು ಕರೆದ. ಧಕ್ಕೆಗೆ ಹೋಗಿ ನೋಡಿದರೆ ರಾಯ್ಸ್‌ನ ದೋಣಿ ಬಂದರು ದಾಟಿ ಹೊರಟಿದೆ. ಕಾವಲಿನವರು ಬೋನು ಇಳಿಸುವ ಪರವಾನಗಿ ಕಿತ್ತುಕೊಂಡ ಮೇಲೆ ಅವನು ನೀರಿಗೇ ಇಳಿದಿರಲಿಲ್ಲ. ಮೂತಿಯಲ್ಲಿ ಅವನ ಬಿಳಿ-ನೀಲಿ ಬೆಂಡು ಎಂದಿನಂತೆ ಕಟ್ಟಿತ್ತು. ಅದರ ಮೇಲೆ, ಎಲ್ಲರಿಗೂ ಕಾಣುವ ಹಾಗೆ, ಹಳದಿ ಬೆಂಡು, ಕಪ್ಪು ಪಟ್ಟಿ.

ಮತ್ತೆ ಕದ್ದ, ಓಟಿನ ಹಿಂದಿನ ದಿನ, ಹಾಡಹಗಲಿನಲ್ಲಿ ಅಂದುಕೊಂಡೆ. ಅವನನ್ನು ಹುಟ್ಟಿದಾಗಲೇ ಕಡಲಿಗೆ ಎಸೆಯಬೇಕಿತ್ತು ಎಂದು ಬೈಯುತ್ತ ಹೆಪ್ಸಿಯ ಕೊಟ್ಟಿಗೆಗೆ ಓಡಿದೆ. ಹಗ್ಗ ಹೊಸೆಯುತ್ತಿದ್ದವಳು ತಲೆ ಎತ್ತಿದಳು.

"ನಾನೇ ಕೊಟ್ಟೆ," ಅಂದಳು.

"ಯಾರಿಗೆ?"

"ನಿನ್ನೆ ಸಂಜೆ ಬಂದಿದ್ದ. ಟೋಪಿ ಕೈಯಲ್ಲಿ ಹಿಡ್ಕೊಂಡು ಅಲ್ಲೇ ನಿಂತಿದ್ದ. ಒಂದು ಕೊಡ್ತೀಯಾ ಅಂತ ಕೇಳ್ದ. ಕೊಟ್ಟೆ."

"ನಿನ್ನ ಬೋನು ಕದ್ದವನಿಗೆ?"

"ಕದ್ದಾಗ ಕೇಳಿರ್ಲಿಲ್ಲ, ವರ್ನಾ. ಈಗ ಕೇಳ್ದ."

ನಾನು ಅಲ್ಲೇ ಹಗ್ಗದ ಸುರುಳಿಯ ಮೇಲೆ ಕುಕ್ಕರಿಸಿ ಅತ್ತುಬಿಟ್ಟೆ. ಅವಳು ಸಮಾಧಾನ ಹೇಳುವವಳಲ್ಲ. ಕೈ ಒರೆಸಿಕೊಳ್ಳುವ ಬಟ್ಟೆ ಕೊಟ್ಟಳು, ಮೀನಿನ ನಾತ, ಅದರಲ್ಲೇ ಮುಖ ಒರೆಸಿಕೊಂಡೆ.

ರಾಯ್ಸ್ ದಿನವಿಡೀ ತಿರುಗಿದನಂತೆ. ನಾಲ್ಕು ದ್ವೀಪ, ದಡದ ಎರಡೂ ಬಂದರು. ಎಲ್ಲಿಯೂ ಇಳಿಯಲಿಲ್ಲ, ಮಾತಾಡಲಿಲ್ಲ. ಪ್ರತಿ ಧಕ್ಕೆಯ ಮುಂದೆ ಎಂಜಿನ್ ನಿಧಾನ ಮಾಡಿ, ಮೂತಿ ಜನರ ಕಡೆಗೆ ತಿರುಗಿಸಿ, ಒಂದು ಸುತ್ತು ಹಾಕಿ ಮುಂದೆ ಹೋದ. ಮಾತು ಯಾಕೆ ಬೇಕು? ತಾನು ಯಾರ ಬೋನು ಎತ್ತಿದ್ದನೋ ಅವಳ ಬೆಂಡನ್ನು ತಲೆಯ ಮೇಲೆ ಹೊತ್ತು ನಡೆದ ಹಾಗೆ. ಅದಕ್ಕಿಂತ ದೊಡ್ಡ ತಪ್ಪೊಪ್ಪಿಗೆ ನಮ್ಮಲ್ಲಿ ಇಲ್ಲ. ದಡದಿಂದ ದೊಡ್ಡಪ್ಪನ ಮಗ ಫೋನು ಮಾಡಿ, ಆ ಹೆಂಗಸಿನ ಹೆಸರೇನು, ಹೇಗೆ ಬರೆಯಬೇಕು ಹೇಳು ಅಂದ.

ನವೆಂಬರ್ 3, ಮಂಗಳವಾರ

ಓಟು ಹಾಕಿದೆ. ಮತಪತ್ರದಲ್ಲಿ ರಾಯ್ಸ್‌ನ ಹೆಸರು ಅಚ್ಚಾಗಿತ್ತು. ನಮ್ಮ ಅಪ್ಪನ ಮನೆತನದ ಹೆಸರು ಅಂಥ ಕಾಗದದ ಮೇಲೆ ಬಂದದ್ದು ಇದೇ ಮೊದಲು. ಅದರ ಮೇಲೆ ಒಮ್ಮೆ ಬೆರಳಾಡಿಸಿದೆ. ಆಮೇಲೆ ಕೆಳಗಿನ ಖಾಲಿ ಗೆರೆಯ ಮೇಲೆ ಹೆಪ್ಸಿಯ ಹೆಸರು ದುಂಡಗೆ ಬರೆದು ಗೋಲ ತುಂಬಿದೆ, ಕಾಗದ ತೂತಾಗುವಷ್ಟು.

ಮೆರ್ಲ್ ಹೊರಗೆ ಬಂದು, "ಬರೆದೆ. ಚಿತ್ರ ಬಿಡಿಸ್ಲಿಲ್ಲ" ಅಂದ. ಸ್ವಲ್ಪ ಬೇಜಾರಿನಲ್ಲಿದ್ದ.

ನವೆಂಬರ್ 4, ಬುಧವಾರ

ಗೆದ್ದೆವು. ಗೆದ್ದೆವು. ಗೆದ್ದೆವು.

ಎಲ್ಲ ಕಡೆ ಕೈಯಲ್ಲೇ ಎಣಿಸಿ ಮುಗಿಸುವಷ್ಟರಲ್ಲಿ ಬೆಳಗಾಗಿತ್ತು. ವಿಟ್‌ಲಾಕ್‌ಗಿಂತ ಮೂವತ್ತೊಂದು ಓಟು ಹೆಚ್ಚು. ರಾಯ್ಸ್‌ಗೆ ನಮ್ಮ ದ್ವೀಪದಲ್ಲಿ ಒಂದೂ ಬಿದ್ದಿಲ್ಲ, ಅವನದೂ ಸೇರಿ. ಸುದ್ದಿ ಬಂದಾಗ ಬಂದರಿನ ದೋಣಿಗಳೆಲ್ಲ ಒಟ್ಟಿಗೆ ಹಾರನ್ ಹೊಡೆದವು, ಕಿವಿ ಇನ್ನೂ ಗುಂಯ್‌ಗುಡುತ್ತಿದೆ. ಕೋರಾ ಶಾಲೆಗೆ ರಜೆ ಕೊಟ್ಟಳು. ಮೊಮ್ಮಗಳು ನನ್ನ ಮಂಚದ ಮೇಲೆ ಕುಣಿದು ಒಂದು ಹಲಗೆ ಮುರಿದಳು. ಮುರಿಯಲಿ.

ಹೆಪ್ಸಿ ಎಲ್ಲಿ ಎಂದು ಊರೆಲ್ಲ ಹುಡುಕಿದರೆ ಕಡಲಲ್ಲಿದ್ದಳು. ಗಾಳಿ ಇಲ್ಲದ ದಿನ, ಬೋನು ಎತ್ತದೆ ಇರುವುದು ಹೇಗೆ ಅಂದಳು. ಧಕ್ಕೆಯಲ್ಲಿ ಅವಳನ್ನು ಅಪ್ಪಿಕೊಂಡೆ. ಮರದ ಕಂಬ ಅಪ್ಪಿಕೊಂಡ ಹಾಗಿತ್ತು, ಆಮೇಲೆ ಕಂಬವೂ ಅಪ್ಪಿಕೊಂಡಿತು.

ಡಿಸೆಂಬರ್ 1, ಮಂಗಳವಾರ

ನಾಳೆ ಆಗಸ್ಟಾದಲ್ಲಿ ಪ್ರಮಾಣವಚನ. ಮಧ್ಯಾಹ್ನದ ಲಾಂಚಿಗೆ ಹೆಪ್ಸಿಯನ್ನು ಕಳಿಸಲು ಇಡೀ ಊರು ಧಕ್ಕೆಗೆ ಬಂದಿತ್ತು. ನನ್ನ ಕಪ್ಪು ಕೋಟು ಅವಳಿಗೆ ಕೊಟ್ಟಿದ್ದೆ, ತೋಳು ಗಿಡ್ಡ. ದಾರಿಗೆಂದು ಒಂದು ಮಡಕೆ ಬೀನ್ಸ್ ಕಾಳನ್ನೂ ಕಟ್ಟಿಕೊಟ್ಟೆ. ಮುಚ್ಚಳ ತೆಗೆದು ಅಲ್ಲೇ ಒಂದು ಕಾಳು ಬಾಯಿಗೆ ಹಾಕಿಕೊಂಡಳು. ಅಗಿದಳು.

"ಇನ್ನೊಂದು ಗಂಟೆ ಬೇಯ್ಬೇಕಿತ್ತು."

"ಮಡಕೆ ವಾಪಸ್ ಕೊಡು."

ಕೊಡಲಿಲ್ಲ. ಕಂಕುಳಲ್ಲಿ ಇಟ್ಟುಕೊಂಡು ಲಾಂಚು ಹತ್ತಿದಳು.

ರಾಯ್ಸ್ ಬಂದಿದ್ದ. ದೂರದಲ್ಲಿ, ಬಲೆ ಇಡುವ ಕೊಟ್ಟಿಗೆಯ ಗೋಡೆಗೆ ಒರಗಿ ನಿಂತಿದ್ದ. ಓಟಿನ ದಿನ ಜನ ಅವನ ಬಗ್ಗೆ ಒಳ್ಳೆಯದು ಆಡಿದರು ನಿಜ, ಆದರೆ ಅವನ ಜೊತೆ ಮಾತಾಡಿದವರು ಇನ್ನೂ ಯಾರೂ ಇರಲಿಲ್ಲ. ಅಂಗಡಿಗೆ ಬಂದರೆ ಪಕ್ಕಕ್ಕೆ ಸರಿಯುತ್ತಾರೆ. ಅಕ್ಕನಾದ ನನಗೂ ಎಲ್ಲರೆದುರು ಕರೆಯುವ ಧೈರ್ಯ ಬರಲಿಲ್ಲ.

ಲಾಂಚಿನ ಎಂಜಿನ್ ಶುರುವಾಯಿತು. ಹಗ್ಗ ಬಿಚ್ಚಲು ಹತ್ತು ಜನ ಮುಂದೆ ಬಂದರು. ಹೆಪ್ಸಿ ಮೇಲಿನಿಂದ ಕೈ ಅಡ್ಡ ಹಿಡಿದು, ಎಲ್ಲರ ತಲೆಯ ಮೇಲಿಂದ ಆ ಗೋಡೆಯ ಕಡೆ ನೋಡಿದಳು.

"ರಾಯ್ಸ್," ಅಂದಳು. "ಬಾ, ನೀನು ಬಿಚ್ಚು."

ಮೊದಲು ಮೆರ್ಲ್ ಪಕ್ಕಕ್ಕೆ ಸರಿದು ದಾರಿ ಬಿಟ್ಟ, ಆಮೇಲೆ ಉಳಿದವರು. ರಾಯ್ಸ್ ತಲೆ ತಗ್ಗಿಸಿಯೇ ಬಂದ. ಕಂಬಕ್ಕೆ ಕಟ್ಟಿದ್ದು ಎರಡು ಕುಣಿಕೆ. ಒಂದು ಬಿಚ್ಚಿದ, ಇನ್ನೊಂದು ಬಿಚ್ಚಿದ, ಹಗ್ಗ ಸುರುಳಿ ಸುತ್ತಿ ಅವಳ ಕೈಗೆ ಎಸೆದ. ಅವಳು ಹಿಡಿದಳು. ಲಾಂಚು ಹೊರಟಿತು.

ಮೆರ್ಲ್ ಕೆಮ್ಮಿ, ನಾಳೆ ತನ್ನ ದೋಣಿಯ ಎಂಜಿನ್ ಸ್ವಲ್ಪ ನೋಡಬೇಕಲ್ಲ ಎಂದು ರಾಯ್ಸ್‌ನನ್ನು ಕೇಳಿದ. ರಾಯ್ಸ್ ನೋಡುತ್ತೇನೆ ಅಂದ.

ಹೆಪ್ಸಿ ಶುಕ್ರವಾರ ವಾಪಸು ಬರುತ್ತಾಳೆ. ಬಂದು ಹೋಗಲು ಲಾಂಚು ದಿನಾ ಇದೆಯಲ್ಲ. ಇಲ್ಲೇ ಊಟಕ್ಕೆ ಹೇಳಿದ್ದೇನೆ, ರಾಯ್ಸ್‌ಗೂ ಹೇಳಿದ್ದೇನೆ. ಗುರುವಾರ ಮರೆಯದೆ ಕಾಳು ನೆನೆಹಾಕಬೇಕು. ಈ ಸಲ ಒಂದು ಗಂಟೆ ಹೆಚ್ಚು ಬೇಯಿಸೋಣ ಎಂದುಕೊಂಡಿದ್ದೇನೆ, ಅವಳು ಹೇಳಿದಳೆಂದೇನೂ ಅಲ್ಲ.